ಅಣುಗಳ ಗುಟ್ಟನ್ನರಿತ ಸ್ವಾಂಟೆ ಅರೇನಿಯಸ್

ಹಬ್ಬದ ದಿನಗಳಲ್ಲಿ ಸಕ್ಕರೆಯ ಪಾಕ ಮಾಡುವಾಗ ನಮ್ಮ ಗೃಹಿಣಿಯರು ಅದಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವ ವಾಡಿಕೆಯುಂಟು. ಹಾಗೆ ಮಾಡಿದರೆ ಪಾಕವು ಆರಿದ ಮೇಲೂ ಹರಳುಗಟ್ಟುವುದಿಲ್ಲ. ನಿಂಬೆಯ ಹುಳಿಯ ಸನ್ನಿಧಿಯಲ್ಲಿ ಸಕ್ಕರೆಯ ಒಂದು ಭಾಗವು ನೀರಿನೊಡನೆ ಕೂಡಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬೇರೆ ಸಕ್ಕರೆಗಳಾಗಿ ಒಡೆಯುವುದೇ ಇದಕ್ಕೆ ಕಾರಣ. ಹುಳಿಯಿಲ್ಲದಿದ್ದರೆ ಈ ಕ್ರಿಯೆ ಬಹು ನಿಧಾನ. ಹುಳಿಯಿದ್ದರೂ ತಣ್ಣೀರಿನಲ್ಲಿ ನಿಧಾನ. ಒಲೆಯ ಮೇಲಿಟ್ಟೊಡನೆ ಅತಿ ಶೀಘ್ರ. ಅದೇ ಸಕ್ಕರೆ, ಅದೇ ನೀರು, ಅದೇ ಹುಳಿ. ಕಾವು ಸ್ವಲ್ಪ ಏರಿದ ಮಾತ್ರಕ್ಕೆ ಇಷ್ಟು ವ್ಯತ್ಯಾಸವೇಕೆ?

ಮೇಲ್ನೋಟಕ್ಕೆ ಸಾಮಾನ್ಯವೆಂದು ತೋರುವ ಈ ಪ್ರಶ್ನೆಗೆ ತೃಪ್ತಿಕರವಾದ ಸಮಾಧಾನವನ್ನು 1889ರಲ್ಲಿ ಒದಗಿಸಿದವನು ಸ್ವೀಡನ್ ದೇಶದ ಸ್ವಾಂಟೆ ಅರೇನಿಯಸ್. ಹಾಲು ಕೆಡುವುದರಿಂದ ಹಿಡಿದು ಕಾರ್ಖಾನೆಗಳಲ್ಲಿ ಗೊಬ್ಬರ ತಯಾರಾಗುವವರೆಗೆ, ಎಲ್ಲ ರಾಸಾಯನಿಕ ಕ್ರಿಯೆಗಳ ವೇಗವನ್ನು ಕುರಿತು ವಿಚಾರ ಮಾಡುವವರು ಇಂದಿಗೂ ಆತನ ಸೂತ್ರವನ್ನು ಆಶ್ರಯಿಸುತ್ತಾರೆ. ಇಂತಹ ಮಹನೀಯನು ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಸ್ವಂತ ವಿಶ್ವವಿದ್ಯಾಲಯದ ಪರೀಕ್ಷಕರಿಂದ ಬಹುಮಟ್ಟಿಗೆ ಅಯೋಗ್ಯನೆಂದೇ ಎಣಿಸಲ್ಪಟ್ಟಿದ್ದನೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆತನ ಜೀವನವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅರೇನಿಯಸನು ಜನಿಸಿದುದು 1859ರ ಫೆಬ್ರುವರಿ 19ರಂದು, ಉಪ್ಸಾಲಾ ನಗರಕ್ಕೆ ಸಮೀಪದ ವೀಕ್ ಎಂಬಲ್ಲಿ. ತಂದೆ ಸ್ವಾಂಟೆ ಗುಸ್ತಾಫ್ ಜಮೀನು ಅಳೆಯುವ ಮೋಜಣಿಯ ವೃತ್ತಿಯವನು. ಉಪ್ಸಾಲಾ ವಿಶ್ವವಿದ್ಯಾಲಯದ ಸೇವೆಯಲ್ಲಿಯೂ ಇದ್ದವನು. ಮಗನಿಗೆ ಒಂದು ವರ್ಷವಾದಾಗ ಕುಟುಂಬವು ಉಪ್ಸಾಲಾಕ್ಕೆ ಬಂದು ನೆಲೆಸಿತು. ಬಾಲಕನು ಮೂರು ವರ್ಷದವನಿರುವಾಗಲೇ ಯಾರ ನೆರವೂ ಇಲ್ಲದೆ ಓದಲು ಕಲಿತನೆಂದೂ, ತಂದೆಯ ಲೆಕ್ಕದ ಪುಸ್ತಕಗಳನ್ನು ನೋಡುತ್ತ ನೋಡುತ್ತಲೇ ಅಂಕಗಣಿತದಲ್ಲಿ ಪಳಗಿದನೆಂದೂ ಆತನ ಚರಿತ್ರಕಾರರು ಹೇಳುತ್ತಾರೆ. ಅಂಕಿಗಳ ಮೇಲಣ ಈ ಒಲವು ಜೀವಮಾನವಿಡೀ ಆತನನ್ನು ಬಿಡಲಿಲ್ಲ. ಇತರರು ಅಳೆದಿಟ್ಟ ಅಂಕಿಗಳ ರಾಶಿಯಲ್ಲಿ ಯಾರಿಗೂ ಕಾಣದ ನಿಯಮವನ್ನು ಕಾಣುವುದೇ ಆತನ ವಿಶೇಷ ಪ್ರತಿಭೆಯಾಯಿತು.

1876ರಲ್ಲಿ ಆತನು ಉಪ್ಸಾಲಾ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು ಪೆರ್ ತೆಯೊದೋರ್ ಕ್ಲೇವೆ. ಹೋಲ್ಮಿಯಂ ಮತ್ತು ಥೂಲಿಯಂ ಎಂಬ ಎರಡು ಮೂಲವಸ್ತುಗಳನ್ನು 1879ರಲ್ಲಿ ಕಂಡುಹಿಡಿದ ಪ್ರಸಿದ್ಧ ವಿದ್ವಾಂಸನೀತ. ಆದರೆ ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ಹೊಸ ವಸ್ತುಗಳನ್ನು ಬೇರ್ಪಡಿಸುವುದರಲ್ಲಿಯೂ ತೂಗುವುದರಲ್ಲಿಯೂ ಇದ್ದ ಶ್ರದ್ಧೆ, ವಸ್ತುಗಳು ಏಕೆ ಹೀಗೆ ವರ್ತಿಸುತ್ತವೆ ಎಂಬ ವಿಚಾರದಲ್ಲಿ ಇರಲಿಲ್ಲ. ತರುಣ ಅರೇನಿಯಸನಿಗೆ ಅದು ರುಚಿಸಲಿಲ್ಲ. ಭೌತಶಾಸ್ತ್ರದ ವಿಭಾಗದಲ್ಲಿಯೂ ಮನಸ್ಸಿಗೆ ಒಪ್ಪುವ ಮಾರ್ಗದರ್ಶನ ದೊರೆಯದೆ, 1881ರಲ್ಲಿ ಆತನು ಊರು ಬಿಟ್ಟು ರಾಜಧಾನಿಯಾದ ಸ್ಟಾಕ್‌ಹೋಮಿಗೆ ತೆರಳಿ, ವಿಜ್ಞಾನ ಅಕಾಡೆಮಿಯ ಭೌತಶಾಸ್ತ್ರಜ್ಞ ಎರಿಕ್ ಎಡ್ಲುಂಡನ ಪ್ರಯೋಗಶಾಲೆಯನ್ನು ಸೇರಿದನು.

ಉಪ್ಪುನೀರಿನ ಸಮಸ್ಯೆ

ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಹರಿಯುವುದು ಬಹಳ ಕಷ್ಟ. ಒಣಗಿದ ಉಪ್ಪಿನ ಹರಳಿನಲ್ಲಿಯೂ ಹರಿಯದು. ಆದರೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಸರಾಗವಾಗಿ ಹರಿಯುತ್ತದೆ. ಈ ವೈಚಿತ್ರ್ಯವನ್ನೇ ಅರೇನಿಯಸನು ಅಧ್ಯಯನಕ್ಕೆ ಆರಿಸಿಕೊಂಡನು. ದ್ರಾವಣಗಳನ್ನು ಹೆಚ್ಚು ಹೆಚ್ಚಾಗಿ ತೆಳುಮಾಡುತ್ತ, ಪ್ರತಿ ಬಾರಿಯೂ ವಿದ್ಯುದ್ವಾಹಕತೆಯನ್ನು ಅಳೆದನು. 1883ರ ಮೇ 17ರ ರಾತ್ರಿ ಈ ಅಂಕಿಗಳ ಅರ್ಥವು ಆತನಿಗೆ ಹೊಳೆಯಿತಂತೆ. ಸಮಸ್ಯೆಯನ್ನು ಪೂರ್ತಿಯಾಗಿ ಬಿಡಿಸುವವರೆಗೆ ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲವಂತೆ.

ಆತನು ಕಂಡುಕೊಂಡ ವಿಚಾರದ ತಿರುಳು ಇಷ್ಟು: ದ್ರಾವಣದಲ್ಲಿರುವ ಅಣುಗಳೆಲ್ಲವೂ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಒಂದು ಭಾಗ ಕ್ರಿಯಾಶೀಲವಾಗಿರುತ್ತದೆ. ಇನ್ನೊಂದು ಭಾಗ ಜಡವಾಗಿರುತ್ತದೆ. ವಿದ್ಯುತ್ತನ್ನು ಸಾಗಿಸುವವು ಕ್ರಿಯಾಶೀಲವಾದ ಅಣುಗಳು ಮಾತ್ರ. ದ್ರಾವಣವು ತೆಳುವಾದಂತೆ ಅವುಗಳ ಪಾಲು ಹೆಚ್ಚುತ್ತ ಹೋಗುತ್ತದೆ. ಆ ಕ್ರಿಯಾಶೀಲ ಭಾಗವೆಂದರೆ ಧನ ಮತ್ತು ಋಣ ವಿದ್ಯುದಂಶವನ್ನು ಹೊತ್ತ ಬಿಡಿ ಅಯಾನುಗಳೇ ಎಂಬುದನ್ನು ಆತನು ಮುಂದೆ, 1887ರಲ್ಲಿ, ನಿಸ್ಸಂದಿಗ್ಧವಾಗಿ ಸಾರಿದನು.

ಈ ವಿಚಾರವನ್ನು ಆತನು ಗುರುವಾದ ಕ್ಲೇವೆಗೆ ನಿವೇದಿಸಿಕೊಂಡಾಗ ದೊರೆತುದು ಒಂದು ಒಣ ಸೌಜನ್ಯದ ಮಾತು ಮತ್ತು ಬೀಳ್ಕೊಡುಗೆ. ಗುರುವನ್ನು ದೂಷಿಸುವುದೂ ಉಚಿತವಲ್ಲ. ಸೋಡಿಯಂ ಎಂಬುದು ನೀರನ್ನು ಮುಟ್ಟಿದೊಡನೆ ಉರಿದೇಳುವ ಲೋಹ, ಕ್ಲೋರೀನ್ ವಿಷವಾಯು. ಇವೆರಡೂ ಉಪ್ಪುನೀರಿನಲ್ಲಿ ಬಿಡಿಬಿಡಿಯಾಗಿ ಸುಮ್ಮನೆ ಇರುತ್ತವೆಂದರೆ ಅಂದಿನ ಯಾವ ರಸಾಯನಶಾಸ್ತ್ರಜ್ಞನು ತಾನೇ ಒಪ್ಪಿಯಾನು? ವಿದ್ಯುದಂಶವನ್ನು ಹೊತ್ತ ಪರಮಾಣುವಿಗೂ ಹೊರದ ಪರಮಾಣುವಿಗೂ ಗುಣದಲ್ಲಿ ಅಜಗಜಾಂತರವಿದೆಯೆಂಬ ಅಂಶವು ಆಗ ಯಾರಿಗೂ ಮನವರಿಕೆಯಾಗಿರಲಿಲ್ಲ.

1884ರಲ್ಲಿ ಸುಮಾರು ನೂರೈವತ್ತು ಪುಟಗಳ ಪ್ರಬಂಧವನ್ನು ಆತನು ಡಾಕ್ಟರ್ ಪದವಿಗಾಗಿ ಉಪ್ಸಾಲಾಕ್ಕೆ ಒಪ್ಪಿಸಿದನು. ಪರೀಕ್ಷಕರು ಪ್ರಬಂಧಕ್ಕೆ ನಾಲ್ಕನೆಯ ದರ್ಜೆಯನ್ನೂ, ಅದನ್ನು ಸಮರ್ಥಿಸಿಕೊಂಡ ರೀತಿಗೆ ಮೂರನೆಯ ದರ್ಜೆಯನ್ನೂ ನೀಡಿದರು. ಪದವಿಯೇನೋ ಬಂದಿತು, ಆದರೆ ಅಂತಹ ದರ್ಜೆಯಿಂದ ಅಧ್ಯಾಪಕ ವೃತ್ತಿಯ ಬಾಗಿಲು ಮುಚ್ಚಿದಂತೆಯೇ ಆಯಿತು.

ಹೊರಗಿನಿಂದ ಬಂದ ಆಸರೆ

ಮನೆಯವರು ಮನ್ನಿಸದ ವಿದ್ಯೆಯನ್ನು ಹೊರಗಿನವರು ಮನ್ನಿಸುವುದು ಲೋಕದಲ್ಲಿ ಅಪರೂಪವೇನಲ್ಲ. ಅರೇನಿಯಸನು ಧೃತಿಗೆಡದೆ ತನ್ನ ಪ್ರಬಂಧದ ಪ್ರತಿಗಳನ್ನು ಹೊರದೇಶಗಳ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದನು. ಅವುಗಳಲ್ಲೊಂದು ರೀಗಾ ನಗರದಲ್ಲಿದ್ದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡನ ಕೈಸೇರಿತು. ಆ ದಿನವೇ ಓಸ್ಟ್‌ವಾಲ್ಡನಿಗೆ ಹಲ್ಲುನೋವು ಕಾಣಿಸಿಕೊಂಡಿತ್ತು. ಮನೆಯಲ್ಲಿ ಹೆಣ್ಣುಮಗು ಹುಟ್ಟಿತ್ತು. ಈ ಮೂರರಲ್ಲಿ ಹೆಚ್ಚು ತೊಂದರೆ ಕೊಟ್ಟುದು ಪ್ರಬಂಧವೇ ಎಂದು ಆತನು ಮುಂದೆ ವಿನೋದವಾಗಿ ನೆನೆಯುತ್ತಿದ್ದನು.

ಅದಕ್ಕೆ ಕಾರಣವೂ ಇತ್ತು. ಬೇರೆ ಬೇರೆ ಆಮ್ಲಗಳು ರಾಸಾಯನಿಕ ಕ್ರಿಯೆಗಳನ್ನು ಎಷ್ಟು ಚುರುಕುಗೊಳಿಸುತ್ತವೆ ಎಂಬುದನ್ನು ಓಸ್ಟ್‌ವಾಲ್ಡನು ಶ್ರಮವಹಿಸಿ ಅಳೆಯುತ್ತಿದ್ದನು. ಅರೇನಿಯಸನು ಅಳೆದುದಾದರೋ ಅದೇ ಆಮ್ಲಗಳ ವಿದ್ಯುದ್ವಾಹಕತೆಯನ್ನು. ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಒಂದಕ್ಕೊಂದು ಹೊಂದಿಕೊಂಡಿದ್ದವು. ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವ ಆಮ್ಲವೇ ಕ್ರಿಯೆಯನ್ನೂ ಚೆನ್ನಾಗಿ ಚುರುಕುಗೊಳಿಸುತ್ತಿತ್ತು. ಎರಡೂ ಕಾರ್ಯಗಳ ಹಿಂದೆ ಇರುವುದು ಒಂದೇ ಕ್ರಿಯಾಶೀಲ ಅಂಶವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವೇನು ಬೇಕು? 1884ರ ಆಗಸ್ಟ್ ತಿಂಗಳಲ್ಲಿ ಓಸ್ಟ್‌ವಾಲ್ಡನು ಸ್ವತಃ ಉಪ್ಸಾಲಾಕ್ಕೆ ಬಂದು, ತರುಣನನ್ನು ಕಂಡು, ರೀಗಾದಲ್ಲಿ ಅಧ್ಯಾಪಕ ಸ್ಥಾನವನ್ನು ಕೊಡುವುದಾಗಿ ಹೇಳಿದನು. ಪರದೇಶದ ವಿದ್ವಾಂಸನೇ ಹುಡುಕಿಕೊಂಡು ಬಂದುದನ್ನು ಕಂಡು ಉಪ್ಸಾಲಾದವರೂ ಎಚ್ಚೆತ್ತರು. ಅದೇ ವರ್ಷ ಅರೇನಿಯಸನಿಗೆ ಅಲ್ಲಿಯೇ ಉಪನ್ಯಾಸಕ ಪದವಿ ದೊರೆಯಿತು.

ತಂದೆಯ ಅಸ್ವಸ್ಥತೆಯ ಕಾರಣ ಆಗ ರೀಗಾಕ್ಕೆ ಹೋಗಲು ಆಗಲಿಲ್ಲ. 1885ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಅಕಾಡೆಮಿಯ ಪ್ರವಾಸವೇತನವನ್ನು ಪಡೆದು ಅರೇನಿಯಸನು ಯೂರೋಪಿನ ಪ್ರಯೋಗಶಾಲೆಗಳನ್ನು ಸಂಚರಿಸಿದನು. ರೀಗಾದಲ್ಲಿ ಓಸ್ಟ್‌ವಾಲ್ಡ್, ವ್ಯುರ್ಟ್ಸ್‌ಬುರ್ಗ್‌ನಲ್ಲಿ ಕೋಲ್‌ರೌಷ್, ಗ್ರಾಟ್ಸ್‌ನಲ್ಲಿ ಬೋಲ್ಟ್ಸ್‌ಮನ್, ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾನ್ ಟ್ ಹಾಫ್, ಹೀಗೆ ಅಂದಿನ ಶ್ರೇಷ್ಠರೆಲ್ಲರ ಸಹವಾಸ ಆತನಿಗೆ ಲಭಿಸಿತು. ಅನಿಲದ ಅಣುಗಳು ಎಡೆಬಿಡದೆ ಚಲಿಸುತ್ತ, ಒಂದರೊಡನೊಂದು ಡಿಕ್ಕಿ ಹೊಡೆಯುತ್ತ, ಬೇರೆ ಬೇರೆ ವೇಗಗಳಲ್ಲಿ ಸಂಚರಿಸುತ್ತವೆಂಬ ಸಿದ್ಧಾಂತಕ್ಕೆ ಗಣಿತದ ಭದ್ರ ಬುನಾದಿ ಹಾಕಿದವನು ಬೋಲ್ಟ್ಸ್‌ಮನ್. ಕ್ರಿಯೆಗಳ ವೇಗವನ್ನು ಕುರಿತು 1884ರಲ್ಲಿ ಮಹತ್ವದ ಗ್ರಂಥವನ್ನು ಬರೆದವನು ವ್ಯಾನ್ ಟ್ ಹಾಫ್. ಇವರಿಬ್ಬರಿಂದ ಅರಿತುಕೊಂಡುದೆಲ್ಲವೂ ಅರೇನಿಯಸನ ಮುಂದಿನ ಶೋಧಕ್ಕೆ ಒದಗಿಬಂದಿತು.

1889ರ ಶೋಧ

ಕಬ್ಬಿನ ಸಕ್ಕರೆಯು ಆಮ್ಲದ ನೀರಿನಲ್ಲಿ ಒಡೆಯುವ ವೇಗವನ್ನು ಮೊಟ್ಟಮೊದಲು ಅಳೆದವನು ಜರ್ಮನಿಯ ಲುಡ್ವಿಗ್ ವಿಲ್‌ಹೆಲ್ಮಿ. ಅದು 1850ರಷ್ಟು ಹಿಂದಿನ ಮಾತು. ಸಕ್ಕರೆ ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕಂತೆ ವೇಗವಿರುತ್ತದೆಂದು ಆತನು ತೋರಿಸಿದನು. ವಸ್ತುಗಳ ಸಾಂದ್ರತೆ ಹೆಚ್ಚಿದಷ್ಟೂ ಕ್ರಿಯೆ ಚುರುಕಾಗುತ್ತದೆಂಬ ನಿಯಮವನ್ನು ನಾರ್ವೆಯ ಗುಲ್ಡ್‌ಬೆರ್ಗ್ ಮತ್ತು ವೋಗೆ 1864ರಲ್ಲಿ ಸಾಮಾನ್ಯ ರೂಪದಲ್ಲಿ ಮಂಡಿಸಿದರು. ಇದು ಸುಲಭವಾಗಿ ಅರ್ಥವಾಗುವಂತಹುದೇ. ಎರಡು ಅಣುಗಳು ಕೂಡಿ ಮಾರ್ಪಡಬೇಕಾದರೆ ಅವು ಮೊದಲು ಸಂಧಿಸಬೇಕು. ಹೆಚ್ಚು ಅಣುಗಳಿದ್ದರೆ ಹೆಚ್ಚು ಸಂಘಟ್ಟನೆಗಳು.

ತೊಡಕು ಇದ್ದುದು ಉಷ್ಣತೆಯ ವಿಷಯದಲ್ಲಿ. ಉಷ್ಣತೆ ಏರಿದರೆ ಅಣುಗಳ ಓಟ ಹೆಚ್ಚುವುದು ನಿಜ. ಆದರೆ ಎಷ್ಟು ಹೆಚ್ಚುತ್ತದೆ? ಸಾಮಾನ್ಯ ಉಷ್ಣತೆಯಲ್ಲಿ ಒಂದು ಡಿಗ್ರಿ ಏರಿಕೆಗೆ ಅನಿಲದ ಅಣುಗಳ ವೇಗ ಹೆಚ್ಚುವುದು ಶೇಕಡ ಒಂದರ ಆರನೆಯ ಒಂದು ಪಾಲು ಮಾತ್ರ. ದ್ರವವು ತೆಳುವಾಗಿ ಅಣುಗಳ ಚಲನೆ ಸರಾಗವಾಗುವುದನ್ನು ಲೆಕ್ಕಕ್ಕೆ ಹಿಡಿದರೂ ಶೇಕಡ ಎರಡರ ಆಸುಪಾಸು. ಸಕ್ಕರೆ ಒಡೆಯುವ ಕ್ರಿಯೆಯ ವೇಗವಾದರೋ ಒಂದೇ ಡಿಗ್ರಿಗೆ ಶೇಕಡ ಹನ್ನೆರಡಕ್ಕೂ ಮಿಕ್ಕಿ ಏರುತ್ತದೆ. ಹತ್ತು ಡಿಗ್ರಿಯಲ್ಲಿ ಮೂರು ನಾಲ್ಕು ಮಡಿಯಾಗುತ್ತದೆ. ಅಣುಗಳ ಓಟವು ಹೆಚ್ಚುವುದರಿಂದ, ಡಿಕ್ಕಿಗಳ ಸಂಖ್ಯೆ ಹೆಚ್ಚುವುದರಿಂದ ಮಾತ್ರವೇ ಇದು ಆಗಿರಲಾರದು.

ಅರೇನಿಯಸನು ಇಲ್ಲಿ ತನ್ನ ಹಳೆಯ ವಿಚಾರವನ್ನೇ ಹೊಸ ಕ್ಷೇತ್ರಕ್ಕೆ ತಂದನು. ಉಪ್ಪುನೀರಿನಲ್ಲಿ ಹೇಗೋ ಹಾಗೆ ಇಲ್ಲಿಯೂ ಎಲ್ಲ ಅಣುಗಳೂ ಕ್ರಿಯೆಗೆ ಸಿದ್ಧವಾಗಿರುವುದಿಲ್ಲ. ಒಂದು ನಿರ್ದಿಷ್ಟ ಪ್ರಮಾಣದ ಶಕ್ತಿಯನ್ನು ಪಡೆದು ಕ್ರಿಯಾಶೀಲವಾದ ಅಣುಗಳು ಮಾತ್ರ ಮಾರ್ಪಡುತ್ತವೆ. ಅವುಗಳ ಸಂಖ್ಯೆ ಯಾವ ಗಳಿಗೆಯಲ್ಲಿಯೂ ಅತ್ಯಲ್ಪ. ಉಷ್ಣತೆ ಸ್ವಲ್ಪ ಏರಿದರೂ ಆ ಅಲ್ಪಸಂಖ್ಯೆ ಮಾತ್ರ ಭರದಿಂದ ಬೆಳೆಯುತ್ತದೆ. ದಾಟಬೇಕಾದ ಈ ಶಕ್ತಿಯ ಹೊಸ್ತಿಲಿಗೆ ಇಂದು ಸಕ್ರಿಯಣ ಶಕ್ತಿ ಎಂದು ಹೆಸರು. ಉಷ್ಣತೆಗೂ ವೇಗಕ್ಕೂ ಇರುವ ಸಂಬಂಧದ ಗಣಿತರೂಪವನ್ನು ವ್ಯಾನ್ ಟ್ ಹಾಫನು ಮೊದಲೇ ಸೂಚಿಸಿದ್ದನು. ಅದಕ್ಕೆ ಅರ್ಥವನ್ನು ತುಂಬಿ, ಇತರರು ಪ್ರಕಟಿಸಿದ್ದ ಹಲವು ಕ್ರಿಯೆಗಳ ಅಂಕಿಗಳೊಡನೆ ಅದು ಹೊಂದುತ್ತದೆಂದು ತೋರಿಸಿಕೊಟ್ಟ ಕೀರ್ತಿ ಅರೇನಿಯಸನದು.

ಒಂದು ದೃಷ್ಟಾಂತವನ್ನು ಕೊಡಬಹುದು. ಒಂದು ದೊಡ್ಡ ಶಾಲೆಯಲ್ಲಿ ಪಾಠಕ್ರಮವು ಕೊಂಚ ಸುಧಾರಿಸಿತೆನ್ನೋಣ. ಮಕ್ಕಳ ಸರಾಸರಿ ಅಂಕ ಒಂದೆರಡರಷ್ಟು ಮಾತ್ರ ಏರಬಹುದು. ಆದರೆ ನೂರಕ್ಕೆ ತೊಂಬತ್ತೈದನ್ನು ದಾಟುವ ಮಕ್ಕಳು ಮೊದಲು ಐವರಿದ್ದರೆ ಈಗ ಹತ್ತು ಮಂದಿಯಾಗಬಹುದು. ಸರಾಸರಿಯಲ್ಲಿ ಅಲ್ಪವೆಂದು ಕಾಣುವ ಬದಲಾವಣೆ ಎತ್ತರದ ಗೆರೆಯ ಬಳಿ ಇಮ್ಮಡಿಯಾಗಿ ತೋರುತ್ತದೆ. ಅಣುಗಳ ವಿಷಯವೂ ಹೀಗೆಯೇ. ಹತ್ತು ಡಿಗ್ರಿ ಉಷ್ಣತೆ ಏರಿದರೆ ಅನೇಕ ಕ್ರಿಯೆಗಳ ವೇಗ ಸುಮಾರು ಎರಡು ಮಡಿಯಾಗುತ್ತದೆಂಬ ಸ್ಥೂಲ ನಿಯಮಕ್ಕೆ ಇದೇ ಆಧಾರ. ನೀರು ಕುದಿಯುವ ನೂರು ಡಿಗ್ರಿಯ ಬದಲು ಸುಮಾರು ನೂರಿಪ್ಪತ್ತು ಡಿಗ್ರಿಯಲ್ಲಿ ಬೇಯಿಸುವ ಕುಕ್ಕರು ಬೇಳೆಯನ್ನು ಅಷ್ಟು ಬೇಗ ಬೇಯಿಸುವುದೂ, ಶೀತಕಪೆಟ್ಟಿಗೆಯಲ್ಲಿಟ್ಟ ಹಾಲು ಬೇಗ ಕೆಡದಿರುವುದೂ ಈ ಲೆಕ್ಕಕ್ಕೆ ಸೇರಿದ ಸಂಗತಿಗಳೇ.

ಸಂಘಟ್ಟನ ಸಿದ್ಧಾಂತ

ಅರೇನಿಯಸನ ಹೊಸ್ತಿಲಿನ ಕಲ್ಪನೆಗೂ ಅಣುಗಳ ಡಿಕ್ಕಿಗೂ ನೇರವಾದ ಗಂಟು ಹಾಕಿದವರು ಇಬ್ಬರು. ಜರ್ಮನಿಯ ಮಾಕ್ಸ್ ಟ್ರೌಟ್ಸ್ 1916ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನ ವಿಲಿಯಂ ಲೂಯಿಸ್ 1918ರಲ್ಲಿ, ಮೊದಲ ಮಹಾಯುದ್ಧದ ಕಾರಣ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಒಂದೇ ಸಿದ್ಧಾಂತವನ್ನು ಮಂಡಿಸಿದರು. ಎರಡು ದೇಶಗಳು ರಣರಂಗದಲ್ಲಿ ಕಾದಾಡುತ್ತಿರುವಾಗ ಅವುಗಳ ವಿದ್ವಾಂಸರು ಒಂದೇ ಸತ್ಯವನ್ನು ಬೇರೆ ಬೇರೆಯಾಗಿ ಕಂಡುಕೊಂಡರೆಂಬುದು ವಿಜ್ಞಾನದ ಹಿರಿಮೆಗೆ ನಿದರ್ಶನವೆಂದು ನಾವು ಭಾವಿಸುತ್ತೇವೆ.

ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದೊಂದು ಅಣುವೂ ಒಂದು ಸೆಕೆಂಡಿಗೆ ನೂರಾರು ಕೋಟಿ ಬಾರಿ ಇತರ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಪ್ರತಿಯೊಂದು ಡಿಕ್ಕಿಯೂ ಫಲಿಸುವಂತಿದ್ದರೆ ಜಗತ್ತಿನ ಕ್ರಿಯೆಗಳೆಲ್ಲ ಕಣ್ಣೆವೆ ಇಕ್ಕುವುದರೊಳಗೆ ಮುಗಿದುಹೋಗುತ್ತಿದ್ದವು. ಸೌದೆಯ ರಾಶಿ ಗಾಳಿ ಸೋಕಿದೊಡನೆ ಬೂದಿಯಾಗುತ್ತಿತ್ತು. ಹಾಗಾಗದಿರುವುದೇ ನಮ್ಮ ಪುಣ್ಯ. ಸಂಜೆಯ ಹೊತ್ತು ದಾದರ್ ನಿಲ್ದಾಣದ ಸೇತುವೆಯ ಮೇಲೆ ಸಾವಿರಾರು ಜನರ ಭುಜಕ್ಕೆ ಭುಜ ತಾಗುತ್ತದೆ; ಅವರಲ್ಲಿ ನಿಂತು ಪರಿಚಯ ಮಾಡಿಕೊಳ್ಳುವವರು ಎಷ್ಟು ಮಂದಿ? ಅಣುಗಳ ಲೋಕದಲ್ಲಿಯೂ ತಾಗುವುದು ಬೇರೆ, ಕೂಡುವುದು ಬೇರೆ. ಹೈಡ್ರೊಜನ್ ಅಯೊಡೈಡ್ ಎಂಬ ಅನಿಲವು ಸುಮಾರು 280 ಡಿಗ್ರಿ ಉಷ್ಣತೆಯಲ್ಲಿ ಒಡೆಯುವಾಗ ಕೋಟಿ ಕೋಟಿ ಡಿಕ್ಕಿಗಳಲ್ಲಿ ಒಂದು ಕೂಡ ಫಲಿಸುವುದಿಲ್ಲ, ಅಷ್ಟು ವಿರಳ. ಈ ಅನಿಲದ ವಿಷಯದಲ್ಲಿ ಲೂಯಿಸನು ಲೆಕ್ಕ ಹಾಕಿದ ವೇಗವು ಪ್ರಯೋಗದಲ್ಲಿ ಕಂಡುಬಂದ ವೇಗಕ್ಕೆ ಬಹಳ ಸಮೀಪವಾಗಿತ್ತು.

ಡಿಕ್ಕಿ ಫಲಿಸಬೇಕಾದರೆ ಎರಡು ನಿಬಂಧನೆಗಳು. ಒಂದು, ಹೊಸ್ತಿಲನ್ನು ದಾಟುವಷ್ಟು ಶಕ್ತಿ. ಇನ್ನೊಂದು, ಸರಿಯಾದ ಮುಖಾಮುಖಿ. ಅಣುವಿನ ತಕ್ಕ ಭಾಗಕ್ಕೇ ಪೆಟ್ಟು ತಗುಲಬೇಕು. ಕ್ರಿಯೆಯ ವೇಗವನ್ನು ನಿರ್ಧರಿಸುವ ಕಾರಣಗಳೆಲ್ಲವೂ ಇಲ್ಲಿಂದಲೇ ಹೊರಡುತ್ತವೆ. ಸಾಂದ್ರತೆ ಹೆಚ್ಚಿದರೆ ಡಿಕ್ಕಿಗಳು ಹೆಚ್ಚುತ್ತವೆ. ಗಾಳಿಯಲ್ಲಿ ಬರಿದೆ ಕೆಂಡವಾಗಿರುವ ಕಡ್ಡಿಯು ಶುದ್ಧ ಆಮ್ಲಜನಕದಲ್ಲಿ ಭಗ್ಗನೆ ಉರಿಯುವುದು ಇದರಿಂದಲೇ. ಘನವಸ್ತುವನ್ನು ಚೂರುಮಾಡಿದರೆ ಡಿಕ್ಕಿಗೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚುತ್ತದೆ. ಕೊರಡಿಗೆ ಹತ್ತದ ಬೆಂಕಿ ಸಿಬಿರಿಗೆ ಹತ್ತುತ್ತದೆ. ಉಷ್ಣತೆ ಏರಿದರೆ ಹೊಸ್ತಿಲು ದಾಟುವವರ ಸಂಖ್ಯೆ ಏರುತ್ತದೆ. ಕ್ರಿಯಾವರ್ಧಕಗಳು ಬೇರೊಂದು ದಾರಿಯನ್ನು ತೆರೆದು ಹೊಸ್ತಿಲನ್ನೇ ತಗ್ಗಿಸುತ್ತವೆ. ಪಾಕದಲ್ಲಿ ನಿಂಬೆಯ ಹುಳಿ ಮಾಡುವ ಕೆಲಸವಿದು. ಮಕರಂದವನ್ನು ಜೇನಾಗಿಸುವಾಗ ಜೇನುನೊಣದ ದೇಹದ ಕಿಣ್ವವೊಂದು ಒಲೆಯ ಕಾವಿನ ಹಂಗಿಲ್ಲದೆ ಮಾಡುವ ಕೆಲಸವೂ ಇದೇ.

ಕೀರ್ತಿ ಮತ್ತು ಅಧಿಕಾರ

1891ರಲ್ಲಿ ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯವು ಆತನಿಗೆ ಪ್ರಾಧ್ಯಾಪಕ ಪೀಠವನ್ನು ನೀಡಲು ಮುಂದೆ ಬಂದಿತು. ಅರೇನಿಯಸನು ಅದನ್ನು ಒಲ್ಲದೆ ಸ್ವದೇಶದಲ್ಲಿಯೇ, ಸ್ಟಾಕ್‌ಹೋಮಿನ ಹೊಸ ಉನ್ನತ ವಿದ್ಯಾಲಯದಲ್ಲಿ ಉಪನ್ಯಾಸಕನಾದನು. ವಿರೋಧಗಳನ್ನು ದಾಟಿ 1895ರಲ್ಲಿ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಮುಂದೆ 1902ರವರೆಗೆ ಅದರ ಮುಖ್ಯಾಧಿಕಾರಿಯೂ ಆಗಿದ್ದನು. ಈ ನಡುವೆ ಸಂಸಾರದಲ್ಲಿ ದುಃಖ ಒದಗಿತು. 1894ರಲ್ಲಿ ಶಿಷ್ಯೆಯಾಗಿದ್ದ ಸೋಫಿಯಾ ರುಡ್‌ಬೆಕ್‌ಳೊಡನೆ ನಡೆದ ವಿವಾಹವು ಎರಡೇ ವರ್ಷಗಳಲ್ಲಿ ಮುರಿದುಬಿದ್ದಿತು. 1905ರಲ್ಲಿ ಮರಿಯಾ ಯೊಹಾನ್ಸನ್‌ಳನ್ನು ಮದುವೆಯಾದ ಮೇಲೆ ಮನೆ ನೆಮ್ಮದಿಯಾಯಿತು.

ಏಕಾಂತದ ಆ ದಿನಗಳಲ್ಲಿಯೇ ಆತನು ಇನ್ನೊಂದು ದೀರ್ಘ ಗಣನೆಯಲ್ಲಿ ಮುಳುಗಿದ್ದನು. ಗಾಳಿಯಲ್ಲಿರುವ ಇಂಗಾಲಾಮ್ಲವು ಭೂಮಿಯ ಶಾಖವನ್ನು ಹಿಡಿದಿಡುತ್ತದೆಂದೂ, ಅದರ ಪ್ರಮಾಣ ಇಮ್ಮಡಿಯಾದರೆ ಭೂಮಿಯ ಉಷ್ಣತೆ ಐದಾರು ಡಿಗ್ರಿ ಏರಬಹುದೆಂದೂ 1896ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದನು. ಅದು ಆಗಲು ಬಹು ದೀರ್ಘಕಾಲ ಬೇಕೆಂದೂ, ಚಳಿಯ ನಾಡುಗಳಿಗೆ ಅದರಿಂದ ಹಿತವೆಂದೂ ಆತನು ಎಣಿಸಿದ್ದನು. ಯಂತ್ರಯುಗದ ಆರಂಭಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲವು ಇಂದು 420ನ್ನು ಮೀರಿದೆ. ಆತನ ಗಣನೆಯ ದಿಕ್ಕು ಸರಿಯಾಗಿತ್ತು. ಹಿತವೆಂಬ ಭರವಸೆ ಮಾತ್ರ ಹುಸಿಯಾಯಿತು.

1903ರಲ್ಲಿ ವಿದ್ಯುದ್ವಿಭಜನೆಯ ಸಿದ್ಧಾಂತಕ್ಕಾಗಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಆತನಿಗೆ ಬಂದಿತು. ಆ ಗೌರವವನ್ನು ಪಡೆದ ಮೊದಲ ಸ್ವೀಡನ್ನಿನವನು ಆತನೇ. ಹಿಂದೆ ಕಳಪೆ ದರ್ಜೆಯನ್ನು ತಂದ ಕೆಲಸವೇ ಈಗ ಜಗತ್ತಿನ ಮನ್ನಣೆಯನ್ನು ತಂದಿತು. ಅಂದು ರಸಾಯನಶಾಸ್ತ್ರದ ನೊಬೆಲ್ ಸಮಿತಿಯ ಅಧ್ಯಕ್ಷನಾಗಿದ್ದವನು ಅದೇ ಕ್ಲೇವೆ! ಬರ್ಲಿನ್ನಿನಿಂದ ಕರೆ ಬಂದಾಗ ಆತನನ್ನು ತಾಯ್ನಾಡಿನಲ್ಲಿಯೇ ಉಳಿಸಿಕೊಳ್ಳಲೆಂದು 1905ರಲ್ಲಿ ಭೌತ ರಸಾಯನಶಾಸ್ತ್ರದ ನೊಬೆಲ್ ಸಂಸ್ಥೆಯನ್ನೇ ಸ್ಥಾಪಿಸಿ ನಿರ್ದೇಶಕನನ್ನಾಗಿ ಮಾಡಿದರು.

ಆದರೆ ಮಹಾಪುರುಷರ ಚರಿತ್ರೆಯಲ್ಲಿ ಗುಣಗಳನ್ನು ಮಾತ್ರ ಹೇಳಿ ದೋಷಗಳನ್ನು ಮರೆಸುವುದು ನ್ಯಾಯವಲ್ಲ. ಪರೀಕ್ಷಕರ ಅವಕೃಪೆಯಿಂದ ನೊಂದ ಅರೇನಿಯಸನೇ ಮುಂದೆ ಪರೀಕ್ಷಕನ ಪೀಠದಲ್ಲಿ ಕುಳಿತಾಗ ಸದಾ ಉದಾರಿಯಾಗಿರಲಿಲ್ಲ. 1906ರಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕದ ಕರ್ತೃವಾದ ಮೆಂಡಲೀಫನಿಗೆ ಪಾರಿತೋಷಕ ತಪ್ಪಿದುದರಲ್ಲಿ ಆತನ ಪ್ರಭಾವವಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಹಳೆಯ ಮಿತ್ರನಾದ ನೆರ್ನ್‌ಸ್ಟನಿಗೆ ಅದು ಬಹಳ ತಡವಾಗಿ, 1921ರಲ್ಲಿ, ದೊರೆತುದಕ್ಕೂ ಆತನ ವಿರೋಧವೇ ಒಂದು ಕಾರಣ. ಮಾನವ ಜನಾಂಗಗಳನ್ನು ಮೇಲು ಕೀಳೆಂದು ವಿಂಗಡಿಸುವ ಜನಾಂಗ ಶುದ್ಧೀಕರಣದ ಅಂದಿನ ಚಳವಳಿಗೂ ಆತನು ಬೆಂಬಲವಿತ್ತನು. ಅಣುಗಳ ಲೆಕ್ಕದಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ದೃಷ್ಟಿಯು ಮನುಷ್ಯರ ವಿಷಯದಲ್ಲಿ ಮಂದವಾದುದು ವಿಷಾದದ ಸಂಗತಿ.

ಕೊನೆಯ ವರ್ಷಗಳು

ವಿಜ್ಞಾನವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆಯುವುದರಲ್ಲಿ ಅರೇನಿಯಸನು ನಿಪುಣನಾಗಿದ್ದನು. ವಿಶ್ವಗಳ ಹುಟ್ಟನ್ನು ಕುರಿತು 1906ರಲ್ಲಿ ಬರೆದ ಪುಸ್ತಕವು ಬೇರೆ ಬೇರೆ ಭಾಷೆಗಳಿಗೆ ಅನುವಾದವಾಗಿ ಅಪಾರ ಜನಪ್ರಿಯತೆಯನ್ನು ಗಳಿಸಿತು. ಜೀವದ ಬೀಜಗಳು ಬೆಳಕಿನ ಒತ್ತಡದಿಂದ ಲೋಕಲೋಕಾಂತರಗಳಿಗೆ ತೇಲಿಹೋಗುತ್ತವೆಂಬ ಆತನ ಊಹೆ ಅದರಲ್ಲಿದೆ. ರಕ್ತದಲ್ಲಿ ವಿಷಕ್ಕೂ ಪ್ರತಿವಿಷಕ್ಕೂ ನಡೆಯುವ ಕ್ರಿಯೆಗಳಿಗೂ ಆತನು ರಸಾಯನಶಾಸ್ತ್ರದ ನಿಯಮಗಳನ್ನು ಅನ್ವಯಿಸಲು ಯತ್ನಿಸಿದನು. ಎಲ್ಲ ಯತ್ನಗಳೂ ಫಲಿಸಲಿಲ್ಲ. ಉಪ್ಪಿನಂತಹ ಪ್ರಬಲ ವಸ್ತುಗಳ ದ್ರಾವಣಕ್ಕೆ ಆತನ ಮೂಲಸಿದ್ಧಾಂತ ಸಾಲದೆಂದು ಕಂಡುಬಂದು, 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅದನ್ನು ತಿದ್ದಿದರು.

1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮಿನಲ್ಲಿ, ತನ್ನ ಅರುವತ್ತೆಂಟನೆಯ ವಯಸ್ಸಿನಲ್ಲಿ, ಅರೇನಿಯಸನು ಕಾಲವಾದನು. ದೇಹವನ್ನು ಸಮಾಧಿ ಮಾಡಿದುದು ಉಪ್ಸಾಲಾದಲ್ಲಿ. ಬಾಲ್ಯದಲ್ಲಿ ಬೆಳೆಸಿದ, ತಾರುಣ್ಯದಲ್ಲಿ ತಿರಸ್ಕರಿಸಿದ ಅದೇ ಊರಿನ ಮಣ್ಣಿನಲ್ಲಿ.

ಆತನ ನಂತರ 1935ರಲ್ಲಿ ಐರಿಂಗ್, ಇವಾನ್ಸ್ ಮತ್ತು ಪೊಲಾನಿ ಎಂಬವರು ಹೊಸ್ತಿಲನ್ನು ದಾಟುವ ಆ ಕ್ಷಣದಲ್ಲಿ ಅಣುಗಳ ಸ್ಥಿತಿ ಹೇಗಿರುತ್ತದೆಂಬುದನ್ನು ಇನ್ನಷ್ಟು ನಿಖರವಾಗಿ ವಿವರಿಸಿದರು. ಆದರೂ ಅರೇನಿಯಸನ ಸೂತ್ರವು ಬದಿಗೆ ಸರಿಯಲಿಲ್ಲ. ಔಷಧವೊಂದು ಎಷ್ಟು ಕಾಲ ಕೆಡದೆ ಉಳಿಯುತ್ತದೆಂದು ನಿರ್ಣಯಿಸುವಾಗ ತಜ್ಞರು ಅದನ್ನು ಹೆಚ್ಚಿನ ಉಷ್ಣತೆಯಲ್ಲಿಟ್ಟು ಪರೀಕ್ಷಿಸಿ, ಇದೇ ಸೂತ್ರದ ನೆರವಿನಿಂದ ಅದರ ಅವಧಿಯನ್ನು ಅಂದಾಜು ಮಾಡುತ್ತಾರೆ. ನಾವು ಔಷಧದ ಸೀಸೆಯ ಮೇಲೆ ಓದುವ ಕೊನೆಯ ತಾರೀಖಿನ ಹಿಂದೆ ಬಹುಸಲ ಆತನ ಲೆಕ್ಕವಿರುತ್ತದೆ. ನಾಲ್ಕನೆಯ ದರ್ಜೆಯನ್ನು ಪಡೆದ ತರುಣನು ಪರೀಕ್ಷಕರ ತೀರ್ಪನ್ನೇ ಕೊನೆಯ ಮಾತೆಂದು ತಿಳಿದು ಸುಮ್ಮನಾಗಿದ್ದರೆ ಈ ಲೆಕ್ಕಕ್ಕೆ ಲೋಕವು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ. ವಿದ್ಯಾರ್ಥಿಗಳೂ, ಅವರಿಗಿಂತ ಹೆಚ್ಚಾಗಿ ಪರೀಕ್ಷಕರೂ, ಆತನ ಚರಿತ್ರೆಯನ್ನು ಓದಬೇಕೆಂಬುದು ನಮ್ಮ ಆಶಯ.